ಪವರ್‌ಟಾಪ್: ಪ್ರೊಸೆಸರ್‌ನ ನಿದ್ದೆ ಕೆಡಿಸುವವರನ್ನು ಹಿಡಿದುಕೊಡುವ ಸಾಧನ

ಗಂಗಾವತಿಯ ರೈಸ್ ಮಿಲ್ಲೊಂದರ ಭತ್ತದ ಗೋದಾಮಿನಲ್ಲಿ ಉಷ್ಣಾಂಶ, ತೇವಾಂಶ ದಾಖಲಿಸಲು ಹಳೆಯ ಲ್ಯಾಪ್‌ಟಾಪ್ ಒಂದನ್ನು ಇಟ್ಟಿದ್ದೇವೆ. ಅದರ ಸೆನ್ಸರ್‌ಗೆ ಲಿನಕ್ಸ್ ಡ್ರೈವರ್, ಅಂದರೆ ಸೆನ್ಸರ್ ಮತ್ತು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ನಡುವೆ ಕೊಂಡಿಯಾಗುವ ಪ್ರೋಗ್ರಾಂ, ಬರೆದವನು ನಾನು. ಕರೆಂಟು ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯನ್ನೇ ನಂಬಿಕೊಂಡಿರಬೇಕು. ಕೆಲಸವಿಲ್ಲದಿದ್ದರೂ ಬ್ಯಾಟರಿ ಬೇಗ ಇಳಿಯುತ್ತಿದ್ದ ಕಾರಣವನ್ನು ಹುಡುಕಲು, ಇಂಟೆಲ್ 2007ರಲ್ಲಿ ಹೊರತಂದ, ಉಚಿತವಾಗಿ ಸಿಗುವ ಪವರ್‌ಟಾಪ್ ಎಂಬ ತಂತ್ರಾಂಶ ಬಳಸಿದೆ.

ರೂಟ್ (ವ್ಯವಸ್ಥೆಯ ಪೂರ್ಣ) ಅಧಿಕಾರದಿಂದ ಚಲಾಯಿಸಿದರೆ, ಪ್ರೊಸೆಸರ್ ಸೆಕೆಂಡಿಗೆ ಎಷ್ಟು ಸಲ ಎಚ್ಚರಗೊಳ್ಳುತ್ತಿದೆ, ಎಬ್ಬಿಸುತ್ತಿರುವುದು ಯಾವುದು ಎಂಬುದನ್ನು ಇದು ಸಾಲುಸಾಲಾಗಿ ತೋರಿಸುತ್ತದೆ. ಮೇಲಿನ ಸಾಲುಗಳಲ್ಲೇ, ಟೈಮರ್ (ನಿಗದಿತ ಹೊತ್ತಿಗೆ ಕೆಲಸ ಶುರುಮಾಡಿಸುವ ಗಡಿಯಾರ) ವರ್ಗದಲ್ಲಿ, ನನ್ನ ಡ್ರೈವರ್‌ನ ಫಂಕ್ಷನ್ನಿನ ಹೆಸರಿತ್ತು: ಸೆಕೆಂಡಿಗೆ 10 ಸಲ. ಭತ್ತದ ರಾಶಿಯ ಬಿಸಿ ನಿಧಾನವಾಗಿ ಏರುವಂಥದ್ದು. ಅದನ್ನು 100 ಮಿಲಿಸೆಕೆಂಡಿಗೊಮ್ಮೆ ಕೇಳುವ ಅಗತ್ಯವೇ ಇರಲಿಲ್ಲ. ಪ್ರೊಸೆಸರ್ ಆಳವಾದ ನಿದ್ರಾಸ್ಥಿತಿಗೆ ಇಳಿದು ಮತ್ತೆ ಏಳುವುದಕ್ಕೇ ಸಮಯವೂ ವಿದ್ಯುತ್ತೂ ಖರ್ಚಾಗುವುದರಿಂದ, ಪದೇಪದೇ ಎಬ್ಬಿಸಿದರೆ ಅದು ಮೇಲುಮೇಲಿನ ನಿದ್ರೆಯಲ್ಲೇ ಉಳಿದು ಶಕ್ತಿ ಪೋಲಾಗುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಸೆಕೆಂಡಿಗೆ 250 ಅಥವಾ 1000 ಸಲ ಬಡಿದೆಬ್ಬಿಸುತ್ತಿದ್ದ ಕಾಲದಲ್ಲಿ ಇಂಥ ತಪ್ಪು ಮರೆಯಾಗಿಬಿಡುತ್ತಿತ್ತು, 2.6.21ನೇ ಆವೃತ್ತಿಯಲ್ಲಿ ಬಿಡುವಿನ ವೇಳೆಯ ಆ ಬಡಿತ ನಿಂತ ಮೇಲೆ ಡ್ರೈವರ್‌ಗಳ ಟೈಮರ್‌ಗಳೇ ಎದ್ದು ಕಾಣತೊಡಗಿದವು.

ಆದರೆ ಯಾವ ಕೆಲಸಕ್ಕೆ ಯಾವ ಟೈಮರ್ ಸರಿ ಎಂಬುದನ್ನು ಪವರ್‌ಟಾಪ್ ಹೇಳುವುದಿಲ್ಲ, ಆ ವಿವೇಚನೆ ಡ್ರೈವರ್ ಬರೆಯುವವರದು. ಉಷ್ಣಾಂಶದ ಓದನ್ನು 10 ಸೆಕೆಂಡಿಗೊಮ್ಮೆ ಎಂದು ಮಾಡಿ, ರೌಂಡ್ ಜಿಫೀಸ್ ಎಂಬ ಕರ್ನಲ್ ಫಂಕ್ಷನ್ ಮೂಲಕ ಪೂರ್ಣ ಸೆಕೆಂಡಿಗೆ ಹೊಂದಿಸಿದೆ. ಹೀಗೆ ಹೊಂದಿಸಿಕೊಂಡ ಬೇರೆ ಟೈಮರ್‌ಗಳೂ ಅದೇ ಹೊತ್ತಿಗೆ ಬರುವುದರಿಂದ ಒಂದೇ ಎಚ್ಚರದಲ್ಲಿ ಹಲವು ಕೆಲಸ ಮುಗಿಯುತ್ತವೆ. ದೋಷಗಳ ಲೆಕ್ಕ ಇಡುವ ಟೈಮರನ್ನು ಡಿಫರೆಬಲ್ ಮಾಡಿದೆ. ಅದು ಮಲಗಿರುವ ಪ್ರೊಸೆಸರನ್ನು ಎಬ್ಬಿಸದೆ, ಬೇರೆ ಕಾರಣಕ್ಕೆ ಎದ್ದಾಗ ತನ್ನ ಕೆಲಸ ಮಾಡಿಕೊಳ್ಳುತ್ತದೆ. ಉಷ್ಣಾಂಶದ ಓದಿಗೆ ಮಾತ್ರ ಡಿಫರೆಬಲ್ ಕೂಡದು. ಯಂತ್ರ ಪೂರ್ತಿ ಬಿಡುವಾಗಿದ್ದರೆ ಅದು ಎಷ್ಟು ತಡವಾದೀತೆಂಬ ಖಾತರಿಯಿಲ್ಲ, ರಾಶಿ ಬಿಸಿಯಾಗುತ್ತಿರುವಾಗ ಎಚ್ಚರಿಕೆ ತಡವಾಗಬಾರದು.

ವ್ಯಾಟ್ ಲೆಕ್ಕ ನೋಡಬೇಕೆಂದರೆ ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆ ನಡೆಸಬೇಕು. ಪ್ರತಿ ಸಾಧನದ ಮುಂದೆ ಕಾಣುವ ವ್ಯಾಟ್ ಅಂದಾಜು ಮಾತ್ರ. ನಾನು ನೆಚ್ಚಿಕೊಂಡಿದ್ದು ಎಚ್ಚರಗಳ ಎಣಿಕೆಯನ್ನು. ಎಲ್ಲ ಉಳಿತಾಯಗಳನ್ನೂ ಒಮ್ಮೆಲೇ ಜಾರಿಗೊಳಿಸುವ, ಪವರ್‌ಟಾಪ್‌ನದೇ ಆದ ಆಟೋ-ಟ್ಯೂನ್ ಆಯ್ಕೆ ಯುಎಸ್‌ಬಿ ಸಾಧನಗಳನ್ನೂ ಮಲಗಿಸಬಲ್ಲದು. ನಮ್ಮ ಸೆನ್ಸರ್ ಯುಎಸ್‌ಬಿಯದ್ದಾದ್ದರಿಂದ ಅದರ ಟ್ಯೂನಬಲ್ಸ್ (ಬದಲಿಸಬಹುದಾದ ಹೊಂದಿಕೆಗಳ) ಪುಟದಲ್ಲಿ ಒಂದೊಂದನ್ನೇ ನೋಡಿ ಬದಲಿಸಿಕೊಂಡೆ. ಡ್ರೈವರ್ ಬರೆಯುವ ಪ್ರತಿಯೊಬ್ಬರೂ ತಮ್ಮ ಕೋಡನ್ನು ಒಪ್ಪಿಸುವ ಮೊದಲು ಈ ಸಾಧನವನ್ನು ಹತ್ತು ನಿಮಿಷ ಓಡಿಸಿ ನೋಡಬೇಕೆಂದು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.