ಕ್ರಾಸ್ಟರ್ ದಂಡೆಯೋ, ಹೋಲಿ ಐಲ್ಯಾಂಡೋ?

ಇಂಗ್ಲೆಂಡಿನ ನ್ಯೂಕಾಸಲ್‌ನಿಂದ ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರುವ ಹಾಗೆ ನಾರ್ಥಂಬರ್ಲೆಂಡ್ ಕರಾವಳಿ ನೋಡುವುದಿದ್ದರೆ ಕ್ರಾಸ್ಟರ್ ಎಂಬ ಹಳ್ಳಿಗೆ ಹೋಗಿ. ಹೋಲಿ ಐಲ್ಯಾಂಡ್, ಅಂದರೆ ಲಿಂಡಿಸ್‌ಫಾರ್ನ್, ಹೆಸರುವಾಸಿ ಜಾಗ. ಕ್ರಾಸ್ಟರ್‌ನಿಂದ ಲೋ ನ್ಯೂಟನ್‌ವರೆಗಿನ ಸುಮಾರು ಆರು ಕಿಲೋಮೀಟರ್ ದಂಡೆಗೆ ಅಷ್ಟು ಹೆಸರಿಲ್ಲ. ಎರಡನ್ನೂ ಒಂದಕ್ಕಿಂತ ಹೆಚ್ಚು ಋತುಗಳಲ್ಲಿ ಸುತ್ತಿ ನೋಡಿದ ಮೇಲೆ, ಒಂದೇ ದಿನ ಕೈಯಲ್ಲಿರುವವರಿಗೆ ದ್ವೀಪವನ್ನು ಶಿಫಾರಸು ಮಾಡಲು ನನಗೆ ಮನಸ್ಸಾಗುವುದಿಲ್ಲ. ಕಾರಣ, ಅಲ್ಲಿಗೆ ಹೋಗುವ ದಾರಿ.

ದ್ವೀಪಕ್ಕಿರುವುದು ಒಂದೇ ಡಾಂಬರು ರಸ್ತೆ. ದಿನಕ್ಕೆ ಎರಡು ಬಾರಿ ಉಬ್ಬರ ಬಂದು ಅದನ್ನು ಮುಳುಗಿಸುತ್ತದೆ, ಪ್ರತಿ ಸಲವೂ ಹೆಚ್ಚುಕಡಿಮೆ ಐದು ಗಂಟೆ ದಾರಿ ಬಂದ್. ಸುರಕ್ಷಿತವಾಗಿ ದಾಟುವ ಸಮಯದ ಪಟ್ಟಿಯನ್ನು ಕೌಂಟಿ ಕೌನ್ಸಿಲ್ ಮೊದಲೇ ಪ್ರಕಟಿಸುತ್ತದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ ಕಳೆದ ವಾರ ಹೋಗಿಬಂದವರ ಲೆಕ್ಕ ಈ ವಾರ ನಡೆಯುವುದಿಲ್ಲ.

ದಿನ ಗೊತ್ತುಮಾಡುವ ಮೊದಲು ಪಂಚಾಂಗ ನೋಡುವುದು ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಈ ದಂಡೆಯ ದೊಡ್ಡ ಉಬ್ಬರ ಬರುವುದು ಮಧ್ಯಾಹ್ನದ ಮೇಲೆ. ಅಂದರೆ ನಡುಹಗಲಿಗೇ ದಾರಿ ಮುಚ್ಚಿ ಸಂಜೆ ತೆರೆಯುತ್ತದೆ: ಬೆಳಿಗ್ಗೆ ಹೋದವರು ದಾರಿ ಮುಚ್ಚುವ ಮೊದಲೇ ಓಡಿಬರಬೇಕು, ಇಲ್ಲವೇ ಸಂಜೆಯವರೆಗೆ ಅಲ್ಲೇ ಇರಬೇಕು. ಅಷ್ಟಮಿಯ ಒಂದೆರಡು ದಿನದ ನಂತರವಾದರೆ ಉಬ್ಬರ ಬೆಳಿಗ್ಗೆ ಮತ್ತು ರಾತ್ರಿಗೆ ಸರಿದಿರುತ್ತದೆ, ನಡುಹಗಲಿನಿಂದ ಸಂಜೆಯವರೆಗೆ ದಾರಿ ತೆರೆದಿರುತ್ತದೆ. ಇದು ದಿನ ಆರಿಸಲು ಮಾತ್ರ. ದಾಟುವುದು ಪಟ್ಟಿ ನೋಡಿಯೇ.

ಜನ ಸಿಕ್ಕಿಬೀಳುವುದು ಎಲ್ಲಿ ಅಂದರೆ, ಮುಖ್ಯಭೂಮಿಯ ಕಡೆಯ ಸೇತುವೆ ಹತ್ತಿರದ ತಗ್ಗಿನಲ್ಲಿ. ದ್ವೀಪದ ತುದಿಯಿಂದ ನೋಡಿದರೆ ರಸ್ತೆ ಒಣಗಿಯೇ ಇರುತ್ತದೆ, ನೀರು ಮೊದಲು ಏರುವುದು ಆ ತಗ್ಗಿಗೆ. ಅಲ್ಲಿಗೆ ಬಂದ ಮೇಲೆ ಮುಂದೆಯೂ ನೀರು, ತಿರುಗಿಸಿ ಹೋಗುವಷ್ಟರಲ್ಲಿ ಹಿಂದೆಯೂ ನೀರು. ಸೇತುವೆ ಪಕ್ಕ ಕಂಬಗಳ ಮೇಲೆ ನಿಲ್ಲಿಸಿರುವ ಬಿಳಿ ಗುಡಿಸಲು, ಏಣಿ ಸಮೇತ, ಹೀಗೆ ಸಿಕ್ಕಿಕೊಂಡವರು ಹತ್ತಿ ಕೂರಲೆಂದೇ ಇರುವುದು. ಬಿರುಗಾಳಿ ಬೀಸುತ್ತಿದ್ದರೆ ಪಟ್ಟಿಯ ಸಮಯಕ್ಕಿಂತ ಮುಂಚೆಯೇ ನೀರು ಬರಬಹುದು, ಕೊನೆಯ ಅರ್ಧ ಗಂಟೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ಇನ್ನೊಂದು ಮಾತು: ಪಟ್ಟಿಯಲ್ಲಿರುವುದು ವಾಹನಗಳ ಸಮಯ. ಮರಳಿನ ಮೇಲೆ ಕಂಬಗಳ ಸಾಲು ಹಿಡಿದು ನಡೆಯುವ ಯಾತ್ರಿಕರ ಹಾದಿಗೆ ಅದು ಅನ್ವಯಿಸದು. ಅಲ್ಲಿ ನೀರು ಇಳಿಯುತ್ತಿರುವಾಗ ಹೊರಟು ಇಳಿತ ಮುಗಿಯುವ ಹೊತ್ತಿಗೆ ಆಚೆ ಸೇರಿರಬೇಕು.

ಕಾರಿಲ್ಲದವರಿಗೆ ಇನ್ನೂ ಕಷ್ಟ. ಬೆರಿಕ್ ಪಟ್ಟಣದಿಂದ ಹೋಗುವ ಬಸ್ಸಿನ ವೇಳೆಯೂ ಉಬ್ಬರದ ಜೊತೆಗೇ ಬದಲಾಗುತ್ತದೆ.

ಇಷ್ಟೆಲ್ಲ ದಾಟಿ ಹೋದರೆ ನೋಡಲು ಇದೆ, ಇಲ್ಲವೆನ್ನಲಾರೆ. 635ರಲ್ಲಿ ಸಂತ ಏಡನ್ ಮಠ ಕಟ್ಟಿದ ನೆಲ, 793ರಲ್ಲಿ ವೈಕಿಂಗರು ದಾಳಿಯಿಟ್ಟ ನೆಲ. ಆದರೆ ಪ್ರಸಿದ್ಧ ಲಿಂಡಿಸ್‌ಫಾರ್ನ್ ಸುವಾರ್ತೆಗಳ ಹಸ್ತಪ್ರತಿ ಇರುವುದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ. ಮಠಕ್ಕೆ ಒಂದು ಟಿಕೆಟ್, ಕೋಟೆಗೆ ಬೇರೆ ಟಿಕೆಟ್.

ಕ್ರಾಸ್ಟರ್‌ನಲ್ಲಿ ಉಬ್ಬರ ಬಂದರೆ ಮರಳಿನ ಮೇಲೆ ನಡೆಯುವ ಬದಲು ದಿಬ್ಬದ ಮೇಲಿನ ಕಾಲುದಾರಿ ಹಿಡಿಯುತ್ತೀರಿ, ಅಷ್ಟೇ. ಕಾರನ್ನು ಊರ ಬಾಯಲ್ಲಿರುವ ಹಳೆಯ ಕಲ್ಲುಗಣಿಯಲ್ಲಿ ನಿಲ್ಲಿಸಿ. ಬೇಸಿಗೆಯ ವಾರಾಂತ್ಯದಲ್ಲಿ ಅದು ಬೇಗ ತುಂಬುತ್ತದೆ. ಶೌಚಾಲಯ ಇರುವುದೂ ಅಲ್ಲೇ, ಮುಂದೆ ಸಿಗುವ ಡನ್‌ಸ್ಟನ್‌ಬರಾ ಕೋಟೆಯಲ್ಲಿ ಇಲ್ಲ. ನ್ಯೂಕಾಸಲ್‌ನಿಂದ ಒಳನಾಡಿನ ಆನಿಕ್ ಪಟ್ಟಣದ ಮೇಲೆ ಬರುವ ಎಕ್ಸ್18 ಬಸ್ಸೂ ಉಂಟು. ಹಿಂತಿರುಗುವ ಕೊನೆಯ ಬಸ್ಸಿನ ವೇಳೆ ಬರೆದಿಟ್ಟುಕೊಂಡೇ ನಡೆಯಲು ಶುರುಮಾಡಿ.

ಬಂದರಿನಿಂದ ಕುರಿ ಮೇಯುವ ಹುಲ್ಲಿನ ಮೇಲೆ ಎರಡು ಕಿಲೋಮೀಟರ್ ನಡೆದರೆ ಡನ್‌ಸ್ಟನ್‌ಬರಾ ಕೋಟೆ. ಲ್ಯಾಂಕಾಸ್ಟರ್‌ನ ಅರ್ಲ್ ಥಾಮಸ್ 1313ರಲ್ಲಿ ಕಟ್ಟಲು ತೊಡಗಿಸಿದ; 1322ರಲ್ಲಿ ರಾಜದ್ರೋಹಕ್ಕಾಗಿ ಅವನ ತಲೆ ತೆಗೆದರು. ಕೋಟೆ ನಿಂತಿರುವುದು ವಿನ್ ಸಿಲ್ ಎಂಬ ಕರಿಶಿಲೆಯ ಮೇಲೆ, ನೀವು ಕಾರು ನಿಲ್ಲಿಸಿದ ಗಣಿಯಲ್ಲಿ ಒಡೆದು ತೆಗೆಯುತ್ತಿದ್ದುದೂ ಅದೇ ಕಲ್ಲು. ಟಿಕೆಟ್ ಬೇಡವೆಂದರೆ ಹೊರಗಿನ ದಾರಿಯಲ್ಲೇ ಸುತ್ತಿಹೋಗಬಹುದು. ಕೋಟೆಯ ಉತ್ತರಕ್ಕೆ ನೀರಂಚಿನಲ್ಲಿರುವ ಗುಂಡುಕಲ್ಲುಗಳ ಮೇಲೆ ಮಾತ್ರ ಕಾಲಿಡಬೇಡಿ, ಪಾಚಿಯಿಂದ ಜಾರುತ್ತವೆ. ಗಾಲ್ಫ್ ಮೈದಾನದ ಪಕ್ಕದ ದಾರಿಯೇ ಸರಿ.

ಅಲ್ಲಿಂದ ಎಂಬಲ್ಟನ್ ಕೊಲ್ಲಿ. ಇಳಿತವಿದ್ದರೆ ನೀರಂಚಿನ ಗಟ್ಟಿ ಮರಳಿನ ಮೇಲೆ ನಡೆಯಿರಿ, ಮೇಲಿನ ಸಡಿಲ ಮರಳಿನಲ್ಲಿ ಕಾಲು ಸೋಲುತ್ತದೆ. ನಡುವೆ ಒಂದು ತೊರೆ ಸಮುದ್ರ ಸೇರುತ್ತದೆ. ಪಾದ ನೆನೆಯುವುದು ಬೇಡವೆಂದರೆ ಸ್ವಲ್ಪ ಒಳಗೆ ಕಾಲುಸೇತುವೆ ಇದೆ. ಲೋ ನ್ಯೂಟನ್‌ನಲ್ಲಿ ಮೂರು ಕಡೆ ಸುಣ್ಣ ಬಳಿದ ಬೆಸ್ತರ ಮನೆಗಳು, ಒಂದು ಕಡೆ ಕಡಲು. ಬಂಡೆಸಾಲು ಅಲೆ ತಡೆಯುವುದರಿಂದ ಮಕ್ಕಳು ನೀರಿನಲ್ಲಿ ಆಡಲು ಇಡೀ ದಾರಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಊಟದ ವಿಷಯ: ಕ್ರಾಸ್ಟರ್ ಪ್ರಸಿದ್ಧವಾಗಿರುವುದು ಓಕ್ ಹೊಗೆಯಲ್ಲಿ ಹದಮಾಡಿದ ಹೆರಿಂಗ್ ಮೀನಿಗೆ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಹೋಗುವುದು ಲೇಸು.

ಇಲ್ಲಿಯ ಒಂದೇ ತಕರಾರು ಹವೆಯದು. ಬೆಚ್ಚಗಿನ ಗಾಳಿ ತಣ್ಣನೆಯ ಕಡಲಿನ ಮೇಲೆ ಹಾದಾಗ ಏಪ್ರಿಲ್‌ನಿಂದ ಬೇಸಿಗೆಯವರೆಗೂ ಸೀ ಫ್ರೆಟ್ ಎಂಬ ಮಂಜು ಕವಿಯುತ್ತದೆ. ಆನಿಕ್‌ನಲ್ಲಿ ಬಿಸಿಲು, ಕೋಟೆಯ ಹತ್ತಿರ ಹತ್ತು ಮಾರು ಮುಂದಿನದೂ ಕಾಣದು. ಹವಾಮಾನವನ್ನು ಕ್ರಾಸ್ಟರ್ ಹೆಸರಿನಲ್ಲೇ ನೋಡಿ, ಬೇಸಿಗೆಯಲ್ಲೂ ಗಾಳಿ ತಡೆಯುವ ಜಾಕೆಟ್ ಒಯ್ಯಿರಿ. ಹೋಗಿಬರಲು 12 ಕಿಲೋಮೀಟರ್. ಮಕ್ಕಳಿದ್ದರೆ ಕೋಟೆಯಿಂದಲೇ ಹಿಂತಿರುಗಿ, ನಾಲ್ಕು ಕಿಲೋಮೀಟರಿಗೆ ಮುಗಿಯುತ್ತದೆ.

ಮಠವನ್ನೇ ನೋಡಬೇಕೆಂದಿರುವವರು ದ್ವೀಪದಲ್ಲಿ ಒಂದು ರಾತ್ರಿಗೆ ಕೋಣೆ ಹಿಡಿಯಿರಿ. ಉಬ್ಬರ ದಾರಿ ಮುಚ್ಚಿದ ಮೇಲೆ ಉಳಿಯುವುದು ಊರವರು ಮತ್ತು ನೀವು.