ಹಗುರ ಚಕ್ರ ಕೊಳ್ಳುವ ಮೊದಲು ಅದರ ಬೆನ್ನು ತಿರುಗಿಸಿ ನೋಡಿ

ಕಾರಿನಲ್ಲಿ ಟೈರಿನ ಗಾಳಿ ಇಳಿದಿದೆ ಎಂದು ಹೇಳುವ ಹಳದಿ ದೀಪ ಮೊದಲ ಸಲ ಹೊತ್ತಿಕೊಂಡಾಗ ಗಾಳಿ ತುಂಬಿಸಿ ಸುಮ್ಮನಾದೆ. ಒಂಬತ್ತು ದಿನಕ್ಕೆ ಮತ್ತೆ ಹೊತ್ತಿತು. ಅದೇ ಎಡ ಮುಂದಿನ ಚಕ್ರ. ಮೊಳೆ ಹುಡುಕಿದೆ, ಸಿಗಲಿಲ್ಲ. ವಾಲ್ವ್ ಬದಲಾಯಿಸಿದೆ. ಮೂರನೇ ಸಲ ದೀಪ ಹೊತ್ತಿದ್ದು ಮಳೆ ಸುರಿಯುವ ರಾತ್ರಿ, ನೀರು ತುಂಬಿದ ಒಂದು ಗುಂಡಿ ದಾಟಿದ ಮೇಲೆ. ಗುಂಡಿ ದೊಡ್ಡದೇನಲ್ಲ, ತಿಂಗಳಿಗೆ ಹತ್ತು ಸಲ ದಾಟುವಂಥದ್ದು. ಆದರೆ ಸ್ಟಿಯರಿಂಗ್ ಎಡಕ್ಕೆ ಎಳೆಯತೊಡಗಿತು. ಬದಿಗೆ ತಂದು ನಿಲ್ಲಿಸುವ ಹೊತ್ತಿಗೆ ಟೈರು ನೆಲಕ್ಕೆ ಕೂತಿತ್ತು.

ಚಕ್ರ ಬಿಚ್ಚಿ ಹಿಂದೆ ತಿರುಗಿಸಿದಾಗ ಕಂಡಿತು. ಒಳಗಿನ ಅಂಚಿನಿಂದ ಬ್ಯಾರೆಲ್ ಮೇಲೆ, ಅಂದರೆ ಟೈರು ಕೂರುವ ಕೊಳವೆಯಂಥ ಭಾಗದ ಮೇಲೆ, ಹೆಬ್ಬೆರಳಿನಷ್ಟು ಉದ್ದದ ಬಿರುಕು. ಅದರ ಅರ್ಧ ಹೊಳೆಯುತ್ತಿತ್ತು, ಹೊಸದು. ಉಳಿದರ್ಧದಲ್ಲಿ ಬ್ರೇಕಿನ ಕರಿ ಧೂಳು ಮೆತ್ತಿಕೊಂಡಿತ್ತು. ಅಂದರೆ ಆ ಬಿರುಕಿಗೆ ವಯಸ್ಸಾಗಿತ್ತು. ನಾನು ವಾರಗಟ್ಟಲೆ ಗಾಳಿ ತುಂಬಿಸುತ್ತಿದ್ದದ್ದು ಒಡೆದ ಚಕ್ರಕ್ಕೆ. ಹೊರಗಿನಿಂದ ನೋಡಿದರೆ ಮುಖದ ಮೇಲೆ ಒಂದು ಗೀರೂ ಇಲ್ಲ.

ನನ್ನದು ಏಳನೇ ತಲೆಮಾರಿನ ಗಾಲ್ಫ್ ಜಿಟಿಐ. ಕೆಲಸಕ್ಕೂ ಅದೇ, ಸಂತೆಗೂ ಅದೇ. ಕಂಪನಿಯಿಂದ ಬಂದ 18 ಇಂಚಿನ ಚಕ್ರವನ್ನು ಮನೆಯ ತಕ್ಕಡಿಯಲ್ಲಿ ಇಟ್ಟಾಗ ಹನ್ನೊಂದೂವರೆ ಕಿಲೋ ತೋರಿಸಿತ್ತು. ಸ್ಪ್ರಿಂಗಿನ ಕೆಳಗಿನ ಭಾರ (ಚಕ್ರ, ಟೈರು, ಬ್ರೇಕುಗಳದ್ದು) ಇಳಿದರೆ ಕಾರು ಚುರುಕಾಗುತ್ತದೆ ಎಂದು ಓದಿ ಓದಿ ತಲೆಗೇರಿಸಿಕೊಂಡಿದ್ದೆ. ಹೆಸರಾಂತ ತಯಾರಕರ ಚಕ್ರಕ್ಕಿಂತ ಬಹಳ ಅಗ್ಗಕ್ಕೆ ‘ಫ್ಲೋ ಫಾರ್ಮ್ಡ್, 7.9 ಕಿಲೋ’ ಎಂಬ ಒಂದು ಸೆಟ್ ಕಣ್ಣಿಗೆ ಬಿತ್ತು (ಫ್ಲೋ ಫಾರ್ಮ್ಡ್ ಎಂದರೇನೆಂದು ಮುಂದೆ ಹೇಳುತ್ತೇನೆ). ಮಾರುವವನ ಹೆಸರು ಇಲ್ಲಿ ಬೇಡ, ಇಂಥವರು ಒಬ್ಬರಲ್ಲ. ಬಂದ ಮೇಲೆ ತೂಗಿದರೆ 9.2 ಕಿಲೋ. ಅಲ್ಲಿಗೇ ವಾಪಸ್ ಕಳಿಸಬೇಕಿತ್ತು. ‘ಆದರೂ ಹಳೆಯದಕ್ಕಿಂತ ಹಗುರ ತಾನೇ’ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ತೂಕದ ಲೆಕ್ಕ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರೂ ಮರುಳಾಗುವುದು ಇದಕ್ಕೇ. ಚಕ್ರಕ್ಕೆ 2.3 ಕಿಲೋದಂತೆ ನಾಲ್ಕಕ್ಕೆ 9.2 ಕಿಲೋ ಉಳಿಯಿತು. ತಿರುಗುವ ಭಾರವಾದ್ದರಿಂದ ವೇಗ ಹೆಚ್ಚಿಸುವಾಗ ಅದಕ್ಕೆ ಹೆಚ್ಚು ಬೆಲೆ ಉಂಟು, ನಿಜ. ಆದರೆ ಟೈರಿನ ಹೊರ ಅಂಚಿನಲ್ಲಿರುವ ಒಂದು ಕಿಲೋ ಕೂಡ ಕಾರಿನೊಳಗಿನ ಎರಡು ಕಿಲೋಗೆ ಸಮ, ಅದಕ್ಕಿಂತ ಹೆಚ್ಚಿಲ್ಲ. ಚಕ್ರದ ಲೋಹ ಅದಕ್ಕಿಂತ ಒಳಗಿರುವುದರಿಂದ ಇನ್ನೂ ಕಡಿಮೆ. ಅಂದರೆ ನನಗೆ ಸಿಕ್ಕಿದ್ದು ಹೆಚ್ಚೆಂದರೆ ಹದಿನೆಂಟು ಕಿಲೋ ಇಳಿಸಿದಷ್ಟು ಲಾಭ, ಸುಮಾರು 1,350 ಕಿಲೋದ ಕಾರಿನಲ್ಲಿ. ಹಿಂದಿನ ಸೀಟಿನಿಂದ ಐದು ವರ್ಷದ ಮಗು ಇಳಿದುಹೋದಂತೆ. ಸಣ್ಣ ಉಬ್ಬುತಗ್ಗುಗಳ ಮೇಲೆ ಸಸ್ಪೆನ್ಶನ್ ಹಿಡಿತ ಚೆನ್ನಾಯಿತು, ಅದನ್ನು ಸುಳ್ಳೆನ್ನಲಾರೆ. ಆದರೆ ಒಂದೇ ಅಳತೆಯ ಎರಡು ಬೇರೆ ಟೈರುಗಳ ನಡುವೆಯೇ ಒಂದು ಕಿಲೋಗೂ ಹೆಚ್ಚು ವ್ಯತ್ಯಾಸ ಇರಬಹುದು, ಅದೂ ಇನ್ನಷ್ಟು ಹೊರಗಿನ ಸುತ್ತಿನಲ್ಲಿ. ಅದನ್ನು ನಾನು ನೋಡಲೇ ಇಲ್ಲ.

ನೋಡಬೇಕಾಗಿದ್ದ ಸಂಖ್ಯೆ ಬೇರೆ. ಒಂದು ಚಕ್ರ ಎಷ್ಟು ಭಾರ ಹೊರಬಲ್ಲದು ಎಂಬುದು. ಒಳ್ಳೆಯ ಚಕ್ರದ ಬೆನ್ನ ಮೇಲೆ 690 ಕಿಲೋ ಎಂದೋ 650 ಎಂದೋ ಅಚ್ಚಾಗಿರುತ್ತದೆ, ಇಲ್ಲವೇ ತಯಾರಕರ ಪಟ್ಟಿಯಲ್ಲಿರುತ್ತದೆ. ಕಾರಿನ ಬಾಗಿಲ ಕಂಬದ ಫಲಕದಲ್ಲಿ ಮುಂದಿನ ಆಕ್ಸಲ್ ಮತ್ತು ಹಿಂದಿನ ಆಕ್ಸಲ್ ಹೊರಬಹುದಾದ ಗರಿಷ್ಠ ಭಾರ ಇರುತ್ತದೆ. ಅದರ ಅರ್ಧಕ್ಕಿಂತ ಚಕ್ರದ ಸಂಖ್ಯೆ ಕಡಿಮೆ ಇರಕೂಡದು. ಫಲಕದಲ್ಲಿ 1,040 ಇದ್ದರೆ ಚಕ್ರಕ್ಕೆ ಕನಿಷ್ಠ 520. ನಾನಂತೂ ಅದಕ್ಕಿಂತ ಧಾರಾಳವಾಗಿ ಹೆಚ್ಚಿರುವುದನ್ನೇ ನೋಡುತ್ತೇನೆ, ಗುಂಡಿಯ ಹೊಡೆತ ಫಲಕ ಓದಿಕೊಂಡು ಬರುವುದಿಲ್ಲ. ನನ್ನ ಚಕ್ರದ ಬೆನ್ನ ಮೇಲೆ ಅಳತೆ ಇತ್ತು, ಚಕ್ರ ಎಷ್ಟು ಒಳಗೆ ಕೂರುತ್ತದೆ ಎಂದು ಹೇಳುವ ಆಫ್‌ಸೆಟ್ ಇತ್ತು. ಭಾರದ ಸಂಖ್ಯೆ ಇರಲಿಲ್ಲ.

ಜೆಡಬ್ಲ್ಯುಎಲ್ ಎಂಬ ಗುರುತು ಮಾತ್ರ ಇತ್ತು, ಅದನ್ನು ನೋಡಿ ನೆಮ್ಮದಿಯಾಗಿದ್ದೆ. ಅದು ಜಪಾನಿನ ಮಾನದಂಡದ ಗುರುತು, ಆದರೆ ತಯಾರಕನೇ ಪರೀಕ್ಷಿಸಿ ತಾನೇ ಒತ್ತಿಕೊಳ್ಳುವಂಥದ್ದು. ಪಕ್ಕದಲ್ಲಿ ವಿಐಎ ಎಂದಿದ್ದರೆ ಹೊರಗಿನ ಸಂಸ್ಥೆಯೊಂದು ನೋಡಿದೆ ಎಂದರ್ಥ. ಜರ್ಮನಿಯ ಒಪ್ಪಿಗೆ ಪಡೆದ ಚಕ್ರಗಳಲ್ಲಿ ಕೆಬಿಎ ಸಂಖ್ಯೆ ಇರುತ್ತದೆ. ಯಾವ ಕಾರಿಗೆ, ಎಷ್ಟು ಭಾರಕ್ಕೆ ಎಂಬ ವರದಿ ಅದರ ಜೊತೆಗಿರುತ್ತದೆ. ನನ್ನದರಲ್ಲಿ ಎರಡೂ ಇಲ್ಲ. ಬರಿಯ ಮೂರಕ್ಷರ ಯಾರ ಅಚ್ಚಿನಲ್ಲಾದರೂ ಕೆತ್ತಬಹುದು.

ಫ್ಲೋ ಫಾರ್ಮಿಂಗ್ ಎಂದರೆ ಎರಕದ ಚಕ್ರದ ಬ್ಯಾರೆಲನ್ನು ಬಿಸಿಯಲ್ಲಿ ತಿರುಗಿಸುತ್ತಾ ರೋಲರುಗಳಿಂದ ಒತ್ತಿ ಎಳೆಯುವುದು. ಲೋಹ ತೆಳುವಾದರೂ ಗಟ್ಟಿಯಾಗುತ್ತದೆ. ಫೋರ್ಜ್ಡ್ ಆದರೆ ಇಡೀ ಗಟ್ಟಿಯನ್ನೇ ಭಾರೀ ಒತ್ತಡದಲ್ಲಿ ಅದುಮಿ ಮಾಡಿದ್ದು. ಬರಿಯ ಎರಕದ ಚಕ್ರವನ್ನು ತೆಳ್ಳಗೆ ಕೆತ್ತಿ ‘ಫ್ಲೋ ಫಾರ್ಮ್ಡ್’ ಎಂದು ಮಾರಿದರೆ ಬಣ್ಣ ಹೊಡೆದ ಮೇಲೆ ನೀವಾಗಲಿ ನಾನಾಗಲಿ ಕಣ್ಣಿನಿಂದ ಕಂಡುಹಿಡಿಯಲಾರೆವು. ನನ್ನದು ಹಾಗಿತ್ತೇ ಎಂದು ಸಾಬೀತು ಮಾಡಲು ಆಗಲಿಲ್ಲ. ಪರೀಕ್ಷಾ ವರದಿ ಕೇಳಿದ್ದಕ್ಕೆ ‘ಎಷ್ಟೋ ಜನ ಹಾಕಿಕೊಂಡಿದ್ದಾರೆ ಸರ್, ಯಾರೂ ದೂರು ಹೇಳಿಲ್ಲ’ ಎಂಬ ಉತ್ತರ ಬಂತು. ಬಿರುಕಿನ ಫೋಟೋ ಕಳಿಸಿದ ಮೇಲೆ ‘ಗುಂಡಿಯ ಪೆಟ್ಟು ವಾರಂಟಿಗೆ ಬರಲ್ಲ’ ಎಂದರು. ಆಮೇಲೆ ಫೋನೇ ಎತ್ತಲಿಲ್ಲ.

ಬಿರುಕಿನ ಮೊದಲೂ ಕಾಟ ಇತ್ತು. ಹಾಕಿಸಿದ ದಿನವೇ 100ರ ಆಸುಪಾಸಿನಲ್ಲಿ ಸ್ಟಿಯರಿಂಗ್ ನಡುಗುತ್ತಿತ್ತು. ಎರಡು ಸಲ ಬ್ಯಾಲೆನ್ಸ್ ಮಾಡಿಸಿದರೂ ಹೋಗಲಿಲ್ಲ. ಚಕ್ರ ಕೂರುವ ಕಾರಿನ ಗುಂಬ, ಅಂದರೆ ಹಬ್, 57.1 ಮಿಲಿಮೀಟರ್, ಚಕ್ರದ ನಡುವಿನ ತೂತು 73.1. ನಡುವೆ ಕೂರಬೇಕಾದ ರಿಂಗ್ ಡಬ್ಬದಲ್ಲೇ ಬಂದಿರಲಿಲ್ಲ, ಕೂರಿಸಿದವರು ಕೇಳಲೂ ಇಲ್ಲ. ಇನ್ನೊಂದು ಇದಕ್ಕಿಂತ ಅಪಾಯದ್ದು: ಗಾಲ್ಫಿನ ಮೂಲ ಬೋಲ್ಟಿನ ತಲೆಯ ಕೆಳಭಾಗ ಗೋಲಿಯಂತೆ ದುಂಡಗಿರುತ್ತದೆ. ಹೊರಗಿನಿಂದ ಕೊಂಡ ಬೇರೆ ಕಂಪನಿಯ ಚಕ್ರಗಳಿಗೆ ಹೆಚ್ಚಾಗಿ ಬೇಕಾಗುವುದು 60 ಡಿಗ್ರಿ ಶಂಕುವಿನಾಕಾರದ್ದು. ದುಂಡನೆಯದನ್ನು ಶಂಕುವಿನ ಗುಳಿಗೆ ಬಿಗಿದರೆ ಒಂದು ತೆಳು ಗೆರೆಯಷ್ಟೇ ತಾಗುತ್ತದೆ, ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ. ಮೂಲ ಬೋಲ್ಟ್ ಹಿಡಿದು ಬಂದ ಹುಡುಗನನ್ನು ನಾನು ತಡೆದೆ. ಈ ಇಡೀ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ ಒಂದೇ ಕೆಲಸ ಅದು.

ಆಫ್‌ಸೆಟ್ ವಿಷಯದಲ್ಲಿ ಮತ್ತೆ ದಡ್ಡನಾದೆ. ಮೂಲ ಚಕ್ರ ಏಳೂವರೆ ಇಂಚು ಅಗಲ, ಆಫ್‌ಸೆಟ್ 49. ಹೊಸದು 8 ಇಂಚು, 40 (ಈ ಸಂಖ್ಯೆ ಇಳಿದಷ್ಟೂ ಚಕ್ರ ಹೊರಗೆ). ಹೊರ ಅಂಚು ಹದಿನೈದು ಮಿಲಿಮೀಟರಿಗೂ ಹೆಚ್ಚು ಹೊರಗೆ ಬಂತು. ನೋಡಲು ಚೆಂದ, ಹೌದು. ಆದರೆ ಮುಂದಿನ ಚಕ್ರಗಳೇ ಎಳೆಯುವ, ಟಾರ್ಕ್ ಜಾಸ್ತಿ ಇರುವ ಕಾರು ಇದು. ಎರಡನೇ ಗೇರಿನಲ್ಲಿ ಜೋರಾಗಿ ಒತ್ತಿದರೆ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಆಡುತ್ತಿತ್ತು. ಹಿಂದೆ ಅಷ್ಟಿರಲಿಲ್ಲ.

ಬಿರುಕಿಗೆ ವೆಲ್ಡಿಂಗ್ ಮಾಡಿಕೊಡುತ್ತೇನೆ, ಗೊತ್ತೇ ಆಗುವುದಿಲ್ಲ ಎಂದವರೂ ಸಿಕ್ಕರು. ಗೊತ್ತಾಗದಿರುವುದೇ ತೊಂದರೆ. ಚಕ್ರದ ಅಲ್ಯೂಮಿನಿಯಂಗೆ ಗಟ್ಟಿತನ ಬರುವುದು ಶಾಖ ಸಂಸ್ಕಾರದಿಂದ. ವೆಲ್ಡಿಂಗಿನ ಬಿಸಿ ಸುತ್ತಲಿನ ಲೋಹದಲ್ಲಿ ಅದನ್ನು ಕೆಡಿಸುತ್ತದೆ. ಅಲ್ಲಿ ಗಾಳಿ ನಿಲ್ಲಬಹುದು, ಮುಂದಿನ ಪೆಟ್ಟು ನಿಲ್ಲುವ ಖಾತ್ರಿ ಇಲ್ಲ.

ಈಗ ಹಾಕಿರುವುದು 17 ಇಂಚಿನದು. 225/40 ಎಂದರೆ 225 ಮಿಲಿಮೀಟರ್ ಅಗಲ, ಪಕ್ಕದ ಗೋಡೆ ಅದರ ಶೇಕಡ 40; ಹಾಗಾಗಿ ಹಳೆಯ ಟೈರಿನ ಗೋಡೆ 90 ಮಿಲಿಮೀಟರ್ ಇತ್ತು, 225/45ಕ್ಕೆ 101. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ 18ರ ಹಿಂದೆ ಬಿದ್ದದ್ದು ನಾನೇ. ಆ ಹನ್ನೊಂದು ಮಿಲಿಮೀಟರ್ ರಬ್ಬರು ದಿನಾ ಓಡುವ ಕಾರಿನಲ್ಲಿ ಎಷ್ಟು ಪೆಟ್ಟು ನುಂಗುತ್ತದೆ ಎಂದು ಮೊದಲ ವಾರವೇ ತಿಳಿಯಿತು. ಒಂದು ಚಕ್ರ 8.7 ಕಿಲೋ. ನನ್ನ ತಕ್ಕಡಿಯಲ್ಲೂ ಅಷ್ಟೇ ಬಂತು. ಬೆನ್ನ ಮೇಲೆ 690 ಇದೆ, ವಿಐಎ ಇದೆ. ಕೊಳ್ಳುವ ಮೊದಲು ತಯಾರಕರ ಕಾಗದದ ಅಚ್ಚನ್ನು ಕತ್ತರಿಸಿ ಬ್ರೇಕ್ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಒತ್ತುವ ಭಾಗ) ಮುಂದೆ ಹಿಡಿದು ನೋಡಿದೆ, ಏಕೆಂದರೆ ಇಂಚು ಸರಿಯಿದ್ದರೂ ಕಡ್ಡಿಗಳು ಕ್ಯಾಲಿಪರಿಗೆ ತಾಗಬಹುದು. ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ 120 ನ್ಯೂಟನ್ ಮೀಟರಿಗೆ ಬಿಗಿಸಿ, ನೂರು ಕಿಲೋಮೀಟರ್ ಓಡಿಸಿ ಮತ್ತೆ ನೋಡಿದೆ. ಒಂದು ಸ್ವಲ್ಪ ತಿರುಗಿತು.

ನಿಮ್ಮ ಕಾರಿನಲ್ಲಿ ಈಗಾಗಲೇ ಇಂಥ ಚಕ್ರ ಇದ್ದು, ಒಂದೇ ಟೈರಿನ ಗಾಳಿ ಮತ್ತೆ ಮತ್ತೆ ಇಳಿಯುತ್ತಿದ್ದರೆ ದಯವಿಟ್ಟು ವಾಲ್ವಿನ ಮೇಲೆ ತಪ್ಪು ಹೊರಿಸಿ ಸುಮ್ಮನಾಗಬೇಡಿ. ಚಕ್ರ ಬಿಚ್ಚಿಸಿ, ಒಳಗಿನ ಬ್ಯಾರೆಲ್ ತೊಳೆದು, ಸೋಪಿನ ನೀರು ಸವರಿ ಸುತ್ತಲೂ ನೋಡಿ. ನನ್ನ ಉಳಿದ ಮೂರರಲ್ಲಿ ಒಂದರ ಅಂಚಿನಲ್ಲಿ ಕೂದಲೆಳೆಯಂಥ ಗೆರೆ ಕಂಡದ್ದು ಹೀಗೆಯೇ, ಅದರಿಂದ ಗಾಳಿ ಇನ್ನೂ ಹೋಗಲು ಶುರುವಾಗಿರಲಿಲ್ಲ.

ಆ ಮೂರನ್ನು ಕೊಡ್ತೀರಾ ಎಂದು ಇಬ್ಬರು ಕೇಳಿದರು. ವಿಷಯ ಹೇಳಿದ ಮೇಲೂ ಒಬ್ಬರು ‘ನಾನು ಮೆಲ್ಲಗೆ ಓಡಿಸ್ತೀನಿ’ ಎಂದರು. ಗುಜರಿಗೆ ಹಾಕುವ ಮೊದಲು ನಾಲ್ಕರ ಅಂಚಿಗೂ ಗ್ರೈಂಡರ್ ಹಿಡಿಸಿ ಕೊಯ್ದು ಕೊಟ್ಟೆ.