ಚುಕ್ಕೆ ನೋಡಿ, ಊರಿನ ಹೆಸರು ನಂಬಬೇಡಿ

ಸೈಟಿಗೆ ಯಾರು ಎಲ್ಲಿಂದ ಬರುತ್ತಾರೆ ಅಂತ ತೋರಿಸುವ ಉಚಿತ ನಕ್ಷೆ ವಿಜೆಟ್ (ಪುಟದಲ್ಲಿ ಕೂರುವ ಪುಟ್ಟ ಸಾಧನ) ಇದು; ಬಂದವರು ನಕ್ಷೆಯಲ್ಲಿ ಚುಕ್ಕೆಯಾಗಿ ಕಾಣುತ್ತಾರೆ. ಒಂದು ತುಣುಕು ಕೋಡ್ ಅಂಟಿಸಿದರೆ ಮುಗಿಯಿತು. ದೇಶದ ಲೆಕ್ಕ ಬಹುತೇಕ ಸರಿ. ಊರಿನದು ಸುಮ್ನೆ ಅಂದಾಜು. ಇದು ನೋಡುವುದು ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಸಂಖ್ಯೆ), ಜಿಪಿಎಸ್ ಅಲ್ಲವಲ್ಲ! ಮೊಬೈಲ್ ಡೇಟಾದವರು ಮೊಬೈಲ್ ಕಂಪನಿಯ ಗೇಟ್‌ವೇ (ಇಂಟರ್ನೆಟ್‌ಗೆ ಸೇರಿಸುವ ಕೇಂದ್ರ) ಇರುವ ಊರಲ್ಲಿ ಕಾಣಿಸಬಹುದು. ವಿಪಿಎನ್‌ನವರು, ಅಂದರೆ ಬೇರೆಡೆಯ ಸರ್ವರ್ ಮೂಲಕ ಬರುವವರು, ಬೇರೆ ಖಂಡದಲ್ಲೇ ಕಾಣಿಸಬಹುದು.

ಅಮೆರಿಕದ ಕ್ಯಾನ್ಸಸ್‌ನಲ್ಲಿ ಚುಕ್ಕೆ ಕಂಡರೆ ಹಿಗ್ಗಬೇಡಿ. ಊರು ಗೊತ್ತಾಗದ ಅಮೆರಿಕದ ವಿಳಾಸಗಳನ್ನೆಲ್ಲ ಐಪಿ ನೋಡಿ ಜಾಗ ಹೇಳುವ ಒಂದು ದೊಡ್ಡ ಡೇಟಾಬೇಸ್ ಅಲ್ಲಿನ ಒಂದೇ ಬಿಂದುವಿಗೆ ತಳ್ಳುತ್ತಿತ್ತು. ಪಾಪ, ಆ ವಿಳಾಸಗಳ ಜಾಡು ಹಿಡಿದು ಆ ಜಾಗದ ತೋಟದ ಮನೆಗೆ ಪೊಲೀಸರೂ ಬಂದಿದ್ದರು! 2016ರಲ್ಲಿ ಆ ಬಿಂದುವನ್ನು ಜಲಾಶಯವೊಂದರ ನಡುವೆ ಇಟ್ಟರು.

ನನಗೆ ಜಾಸ್ತಿ ಕಿರಿಕಿರಿ ಬಾಟ್‌ಗಳದು (ಸೈಟುಗಳನ್ನು ತಾವಾಗಿಯೇ ಜಾಲಾಡುವ ಪ್ರೋಗ್ರಾಂಗಳು). ವಿಜೆಟ್ ಅವನ್ನೂ ಓದುಗರೆಂದೇ ಎಣಿಸುತ್ತದೆ. ಬಣ್ಣ, ಜೂಮ್ ಚೆನ್ನಾಗಿವೆ. 5ಕ್ಕೆ 3.